ಬದುವಿನ ಮೇಲಿನ ಇಂಧನ

ಹಾಸನ ಜಿಲ್ಲೆಯ ನೆಲದಡಿಯಲ್ಲಿ ಎಣ್ಣೆಯ ಹೊಳೆಯೊಂದು ಹರಿಯುತ್ತದೆ. ಹೇಮಾವತಿಯಂತೆ ಅದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ದಂಡೆಯಿಲ್ಲ, ಸೋಪಾನವಿಲ್ಲ. ಮಂಗಳೂರಿನಿಂದ ಹೊರಟು, ಪಶ್ಚಿಮ ಘಟ್ಟವನ್ನೇರಿ, ಹಾಸನವನ್ನು ಹಾದು ಬೆಂಗಳೂರಿನ ಸಮೀಪದವರೆಗೆ ಸಾಗುವ ಉಕ್ಕಿನ ಕೊಳವೆಮಾರ್ಗವೇ ಆ ಹೊಳೆ. ಸುಮಾರು 360 ಕಿಲೋಮೀಟರು ಉದ್ದದ ಈ ಮಾರ್ಗವು 2003ರಲ್ಲಿ ಬಳಕೆಗೆ ಬಂದಿತು. ಪೆಟ್ರೋಲು, ಡೀಸೆಲ್ ಮೊದಲಾದವು ಇದರೊಳಗೆ ಹಗಲಿರುಳೆನ್ನದೆ ಹರಿಯುತ್ತವೆ. ಆದರೆ ಈ ಹೊಳೆಯ ಉಗಮಸ್ಥಾನ ಇಲ್ಲಿನ ಯಾವ ಬೆಟ್ಟದಲ್ಲಿಯೂ ಇಲ್ಲ. ಕಡಲಾಚೆಯ ದೇಶಗಳ ನೆಲದಾಳದಿಂದ ಬಂದ ಕಚ್ಚಾತೈಲವೇ ಇದಕ್ಕೆ ಮೂಲ.

ಅದೇ ನೆಲದ ಮೇಲೆ, ಹೊಲದ ಬದುಗಳಲ್ಲಿ, ಹಳ್ಳದ ಅಂಚಿನಲ್ಲಿ, ಊರ ಮುಂದಿನ ದಾರಿಯ ಬದಿಯಲ್ಲಿ ಹೊಂಗೆಯ ಮರಗಳು ನಿಂತಿವೆ. ಯುಗಾದಿಯ ಹೊತ್ತಿಗೆ ಎಳೆಯ ಹಸಿರಿನಿಂದ ತುಂಬಿ, ಬಿಸಿಲಿನಲ್ಲಿ ಬಂದವರಿಗೆ ನೆರಳು ಕೊಡುವ ಈ ಮರದ ಕಾಯಿಯೊಳಗೂ ಎಣ್ಣೆಯುಂಟು. ಆ ಕಾಯಿಗಳು ಉದುರುತ್ತವೆ. ಎಷ್ಟೋ ಕಡೆ ಆಯುವವರಿಲ್ಲದೆ ಮಣ್ಣಾಗುತ್ತವೆ. ಹೀಗೆ ಒಂದೇ ಜಿಲ್ಲೆಯಲ್ಲಿ ಎರಡು ಎಣ್ಣೆಗಳಿವೆ. ನೆಲದ ಕೆಳಗಿನ ಎಣ್ಣೆಯ ಬೆಲೆಯನ್ನು ದೂರದ ಮಾರುಕಟ್ಟೆ ನಿರ್ಧರಿಸುತ್ತದೆ. ನೆಲದ ಮೇಲಿನ ಎಣ್ಣೆಗೆ ಬೆಲೆ ಬರುವುದು ಅದನ್ನು ಆಯುವ ಕೈಗಳಿಂದ. ಈ ಎರಡರ ನಡುವಣ ಸಂಬಂಧವನ್ನು ಅರಿತರೆ ಇಂಧನದ ಸಮಸ್ಯೆಯ ಬಹುಭಾಗವನ್ನು ಅರಿತಂತೆ.

ಇಂಧನದ ಬೆಲೆಯೇರಿಕೆಯು ವಾಹನವುಳ್ಳವರ ಚಿಂತೆ ಮಾತ್ರವೆಂದು ಭಾವಿಸುವವರುಂಟು. ಹಾಸನ ಸೀಮೆಯ ಬೇಸಾಯವನ್ನು ನೋಡಿದರೆ ಈ ಭಾವನೆ ತಪ್ಪೆಂದು ತಿಳಿಯುತ್ತದೆ. ಹಾಸನದ ಆಲೂಗೆಡ್ಡೆ ಹೆಸರಾದುದು. ಅದರ ಬಿತ್ತನೆಗೆಡ್ಡೆಯು ದೂರದ ಪಂಜಾಬಿನಿಂದ ಲಾರಿಗಳಲ್ಲಿ ಬರುತ್ತದೆ. ಬೆಳೆದ ಗೆಡ್ಡೆ ಮತ್ತೆ ಲಾರಿಯೇರಿ ಪೇಟೆಗಳಿಗೆ ಹೋಗುತ್ತದೆ. ಡೀಸೆಲ್ ಬೆಲೆ ಏರಿದಾಗ ಬಿತ್ತುವ ಮೊದಲೊಮ್ಮೆ, ಮಾರುವಾಗ ಮತ್ತೊಮ್ಮೆ ರೈತನು ಅದರ ಭಾರವನ್ನು ಹೊರಬೇಕಾಗುತ್ತದೆ. ಹೊಳೆನರಸೀಪುರದ ಗದ್ದೆಗಳಲ್ಲಿ ಎತ್ತುಗಳ ಜಾಗಕ್ಕೆ ಪವರ್ ಟಿಲ್ಲರು, ಟ್ರ್ಯಾಕ್ಟರುಗಳು ಬಂದಿವೆ. ಸ್ವಂತ ಟ್ರ್ಯಾಕ್ಟರಿಲ್ಲದ ಸಣ್ಣ ರೈತನು ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರುತ್ತಾನೆ; ಎಣ್ಣೆಯ ಬೆಲೆ ಏರಿದ ಕೂಡಲೇ ಆ ಬಾಡಿಗೆಯೂ ಏರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತಣ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಬೇಸಾಯವುಂಟು. ಆ ಸೊಪ್ಪನ್ನು ಹದಗೊಳಿಸುವ ಬೇಯಿಸುವ ಮನೆಗಳಿಗೆ ರಾಶಿ ರಾಶಿ ಸೌದೆ ಬೇಕು. ಅಲ್ಲಿ ಇಂಧನದ ಪ್ರಶ್ನೆಯು ಮರದ ಪ್ರಶ್ನೆಯೂ ಆಗುತ್ತದೆ. ಚನ್ನರಾಯಪಟ್ಟಣದ ಕಡೆ ಮಳೆ ಕಡಿಮೆ, ತೆಂಗಿನ ತೋಟಗಳು ಹೆಚ್ಚು. ಬರ ಬಂದ ವರ್ಷ ಟ್ಯಾಂಕರಿನಲ್ಲಿ ನೀರು ತಂದು ತೆಂಗನ್ನು ಉಳಿಸಿಕೊಳ್ಳುವ ರೈತನಿಗೆ ನೀರಿನ ಬೆಲೆಯೊಳಗೆ ಎಣ್ಣೆಯ ಬೆಲೆಯೂ ಸೇರಿರುತ್ತದೆ.

ಯೂರಿಯಾ ಮೊದಲಾದ ರಸಗೊಬ್ಬರಗಳೂ ಈ ಸರಪಣಿಯ ಒಂದು ಕೊಂಡಿ. ಅವುಗಳ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕು. ಹೀಗೆ ಹೊಲವನ್ನು ಉಳುವುದರಿಂದ ಹಿಡಿದು ಅನ್ನವು ತಟ್ಟೆಗೆ ಬರುವವರೆಗೆ ಪ್ರತಿಯೊಂದು ಹಂತದಲ್ಲಿಯೂ ಇಂಧನವಿದೆ. ಅದರ ಬೆಲೆ ಏರಿದಾಗ ಸೈಕಲ್ಲನ್ನೂ ಹೊಂದಿರದ ಬಡವನ ಊಟವೂ ದುಬಾರಿಯಾಗುತ್ತದೆ.

ಬೆಲೆ ಏರುವುದೇಕೆ? ಭಾರತವು ತನಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಆದ್ದರಿಂದ ಲೋಕದ ಯಾವ ಮೂಲೆಯಲ್ಲಿ ಯುದ್ಧವಾದರೂ ಅದರ ಬಿಸಿ ಇಲ್ಲಿಗೆ ತಟ್ಟುತ್ತದೆ. 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ನಡೆದಾಗ ಅರಬ್ ರಾಷ್ಟ್ರಗಳು ತೈಲದ ಪೂರೈಕೆಯನ್ನು ಕಡಿತಗೊಳಿಸಿದವು. ಪೀಪಾಯಿಗೆ ಸುಮಾರು 3 ಡಾಲರು ಇದ್ದ ಬೆಲೆ ಕೆಲವೇ ತಿಂಗಳುಗಳಲ್ಲಿ 12 ಡಾಲರನ್ನು ಸಮೀಪಿಸಿತು. ತೈಲದ ಒಂದು ಪೀಪಾಯಿ ಎಂದರೆ ಸುಮಾರು 159 ಲೀಟರು. 1979ರ ಇರಾನಿನ ಕ್ರಾಂತಿಯ ತರುವಾಯ ಬೆಲೆ ಮತ್ತೆ ನೆಗೆಯಿತು. 1990ರ ಕೊಲ್ಲಿ ಬಿಕ್ಕಟ್ಟು ಭಾರತದ ವಿದೇಶೀ ವಿನಿಮಯದ ಕೊರತೆಯನ್ನು ಇನ್ನಷ್ಟು ತೀವ್ರಗೊಳಿಸಿತು. 2008ರ ಜುಲೈ ತಿಂಗಳಲ್ಲಿ ಪೀಪಾಯಿಯ ಬೆಲೆ 147 ಡಾಲರನ್ನು ಮುಟ್ಟಿತು. 2022ರಲ್ಲಿ ಯುಕ್ರೇನಿನ ಯುದ್ಧ ಮೊದಲಾದಾಗ ಅದು ಪುನಃ ನೂರು ಡಾಲರನ್ನು ದಾಟಿತು.

ಕಚ್ಚಾತೈಲದ ಬೆಲೆಯೊಂದೇ ಪೆಟ್ರೋಲು ಬಂಕಿನಲ್ಲಿ ತೆರುವ ಬೆಲೆಯಲ್ಲ. ಶುದ್ಧೀಕರಣದ ವೆಚ್ಚ, ಸಾಗಣೆಯ ವೆಚ್ಚ, ಮಾರಾಟಗಾರರ ಪಾಲು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ತೆರಿಗೆ ಇವೆಲ್ಲವೂ ಅದರಲ್ಲಿ ಸೇರುತ್ತವೆ. 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಯನ್ನು ದಾಟಿತು. ಆದರೂ ಮೂಲದ ಸಂಗತಿ ಒಂದೇ: ಕೊಂಡು ತಂದ ಇಂಧನದ ಬೆಲೆಯ ಮೇಲೆ ಕೊಳ್ಳುವವನಿಗೆ ಹಿಡಿತವಿಲ್ಲ.

ಈ ಪರಾವಲಂಬನೆ ಬಹಳ ಹಳೆಯದೇನಲ್ಲ. ಹಿಂದೆ ಹಳ್ಳಿಗಳಲ್ಲಿ ದೀಪಕ್ಕೆ ಹೊಂಗೆ, ಹಿಪ್ಪೆ, ಹರಳು ಮೊದಲಾದವುಗಳ ಎಣ್ಣೆಯನ್ನು ಬಳಸುತ್ತಿದ್ದರು. ಎತ್ತು ತಿರುಗಿಸುವ ಗಾಣದಲ್ಲಿ ಬೀಜವನ್ನು ಅರೆಸಿ, ಎಣ್ಣೆಯನ್ನು ಮನೆಗೊಯ್ದು, ಹಿಂಡಿಯನ್ನು ಹೊಲಕ್ಕೆ ಹಾಕುತ್ತಿದ್ದರು. ಅನಂತರ ಹಡಗಿನಲ್ಲಿ ಬೇರೊಂದು ಎಣ್ಣೆ ಬಂದಿತು. ಅದು ಅಗ್ಗವಾಗಿತ್ತು, ಅದರ ಬೆಳಕೂ ಹೆಚ್ಚಾಗಿತ್ತು. ಜನರು ಅದನ್ನು ಸೀಮೆಎಣ್ಣೆ ಎಂದು ಕರೆದರು. ಹೊರಗಿನ ಸೀಮೆಯಿಂದ ಬಂದ ಎಣ್ಣೆ ಎಂಬುದು ಆ ಹೆಸರಿನಲ್ಲಿಯೇ ಇದೆ. ಸೀಮೆಎಣ್ಣೆಯೂ ಆಮೇಲೆ ವಿದ್ಯುತ್ತೂ ಬಂದ ಮೇಲೆ ಹೊಂಗೆಯ ದೀಪ ಆರಿತು; ಊರ ಗಾಣವೂ ನಿಂತಿತು.

ವಿಚಿತ್ರವೆಂದರೆ, ಡೀಸೆಲ್ ಎಂಜಿನ್ನಿಗೂ ಬೀಜದ ಎಣ್ಣೆಗೂ ಹಳೆಯ ನಂಟಿದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ತಂತ್ರಜ್ಞನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಎಂಜಿನ್ನನ್ನು ರೂಪಿಸಿದನು. 1900ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವನ ಮಾದರಿಯ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಯಿತು. ಆದರೆ ಭೂಗರ್ಭದ ಎಣ್ಣೆ ಹೇರಳವಾಗಿ, ಅಗ್ಗವಾಗಿ ದೊರೆಯತೊಡಗಿದಾಗ ಈ ಸಂಗತಿಯನ್ನು ಲೋಕವು ಮರೆಯಿತು.

ಮರೆತುದನ್ನು ನೆನೆಯುವಂತೆ ಮಾಡಿದುದು 1970ರ ದಶಕದ ಬಿಕ್ಕಟ್ಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾಧ್ಯಾಪಕ ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಒಲೆ, ಹಟ್ಟಿ, ಹೊಲಗಳ ಬಳಿಗೆ ಒಯ್ಯುವುದು ಅದರ ಗುರಿಯಾಗಿತ್ತು. ಹೊಗೆ ಕಡಿಮೆಯಾಗಿ ಸೌದೆ ಉಳಿಯುವಂತಹ 'ಅಸ್ತ್ರ ಒಲೆ' ಅಲ್ಲಿಯೇ ರೂಪುಗೊಂಡಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ 1987ರಿಂದ ಮನೆಮನೆಯ ಸಗಣಿಯನ್ನು ಒಂದೆಡೆ ಕೂಡಿಸಿ, ಅದರ ಅನಿಲದಿಂದ ಎಂಜಿನ್ನನ್ನು ನಡೆಸಿ, ಊರಿಗೆ ಕುಡಿಯುವ ನೀರನ್ನೂ ಮನೆಗಳಿಗೆ ಬೆಳಕನ್ನೂ ಒದಗಿಸಲಾಯಿತು. ಸಗಣಿ ಕೊಟ್ಟವರಿಗೆ ಗೊಬ್ಬರವು ಹಿಂದಿರುಗುತ್ತಿತ್ತು. ಅದೇ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯ ವೇಳೆಗೆ ಹೊಂಗೆ ಎಣ್ಣೆಯತ್ತ ಗಮನ ಹರಿಸಿದರು. ಕಗ್ಗನಹಳ್ಳಿ ಎಂಬ ಒಣನೆಲದ ಊರಿನಲ್ಲಿ ಹೊಂಗೆ ಎಣ್ಣೆಯನ್ನೇ ಕುಡಿದ ಎಂಜಿನ್ನುಗಳು ವಿದ್ಯುತ್ತನ್ನು ಉತ್ಪಾದಿಸಿ, ಹೊಲಕ್ಕೆ ನೀರೆತ್ತಿ ತೋರಿಸಿದವು.

ಈ ಹಾದಿಯಲ್ಲಿ ಹಾಸನ ಜಿಲ್ಲೆಯ ಹೆಸರು ಮುಂದೆ ಬಂದುದು 2007ರಲ್ಲಿ. ಹಾಸನ ತಾಲ್ಲೂಕಿನ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರಾಜ್ಯ ಸರ್ಕಾರದ ನೆರವಿನಿಂದ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿತು. ಇದರ ಹೊಣೆ ಹೊತ್ತವರು ಪ್ರಾಧ್ಯಾಪಕ ಬಾಲಕೃಷ್ಣ ಗೌಡ ಅವರು. ಉದ್ಯಾನವೆಂದ ಮಾತ್ರಕ್ಕೆ ಅದನ್ನು ಹೂದೋಟವೆಂದು ತಿಳಿಯಬಾರದು. ಎಣ್ಣೆ ಕೊಡುವ ಮರಗಳ ಸಸಿಗಳನ್ನು ಬೆಳೆಸಿ ರೈತರಿಗೆ ಹಂಚುವುದು, ಬೀಜದಿಂದ ಎಣ್ಣೆ ತೆಗೆದು ಅದನ್ನು ಡೀಸೆಲ್ಲಿನಂತೆ ಮಾರ್ಪಡಿಸುವುದು, ಆ ವಿದ್ಯೆಯನ್ನು ಕಲಿಯಬಯಸಿದವರಿಗೆ ಕಲಿಸುವುದು ಅಲ್ಲಿನ ಕೆಲಸವಾಯಿತು. ಹಳ್ಳಿಗಳಲ್ಲಿ ಜೈವಿಕ ಇಂಧನ ಬೆಳೆಗಾರರ ಸಂಘಗಳು ಏರ್ಪಟ್ಟವು. 2009ರಲ್ಲಿ ಕರ್ನಾಟಕ ಸರ್ಕಾರವು ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು. 'ಹಸಿರು ಹೊನ್ನು', 'ಬರಡು ಬಂಗಾರ' ಎಂಬ ಯೋಜನೆಗಳ ಹೆಸರುಗಳಲ್ಲಿ ಆ ಕಾಲದ ಭರವಸೆ ವ್ಯಕ್ತವಾಗುತ್ತದೆ.

ಮಡೆನೂರಿನ ಯೋಜನೆಯ ಹಿಂದೆ ಎರಡು ವಿವೇಕದ ನಿಯಮಗಳಿದ್ದವು. ಮೊದಲನೆಯದು, ಅನ್ನ ಬೆಳೆಯುವ ಭೂಮಿಯನ್ನು ಇಂಧನಕ್ಕೆ ಕೊಡಬಾರದು ಎಂಬುದು. ರಾಗಿಯ ಹೊಲವನ್ನು ಕಿತ್ತು ಎಣ್ಣೆಯ ಗಿಡವನ್ನು ನೆಟ್ಟರೆ ಒಲೆ ಉರಿದೀತು, ಆದರೆ ಅದರ ಮೇಲಿಡಲು ಮುದ್ದೆಗೆ ಹಿಟ್ಟಿರಲಾರದು. ಆದ್ದರಿಂದ ಬದು, ಬೇಲಿ, ಹಿತ್ತಿಲು, ಪಾಳುನೆಲಗಳಲ್ಲಿಯೇ ಮರ ಬೆಳೆಸಬೇಕೆಂದು ನಿರ್ಧರಿಸಲಾಯಿತು. ಎರಡನೆಯದು, ಒಂದೇ ಮರವನ್ನು ನೆಚ್ಚಬಾರದು ಎಂಬುದು. ಹೊಂಗೆ, ಹಿಪ್ಪೆ, ಬೇವು, ಸಿಮರೂಬ, ಕಾಡುಹರಳು ಹೀಗೆ ಹಲವು ಬಗೆಯವನ್ನು ಕೂಡಿಸಿ ನೆಡಲಾಯಿತು. ಇವುಗಳಲ್ಲಿ ಲಕ್ಷ್ಮೀತರು ಎಂಬ ಹೆಸರೂ ಇರುವ ಸಿಮರೂಬವು ಮಧ್ಯ ಅಮೆರಿಕದ ಕಡೆಯಿಂದ ಬಂದುದು. ಹೊಂಗೆ, ಹಿಪ್ಪೆ, ಬೇವುಗಳು ಇಲ್ಲಿಯವೇ. ಹೊಂಗೆಯ ಕಾಯಿ ಬೇಸಗೆಯಲ್ಲಿ ದೊರೆತರೆ, ಹಿಪ್ಪೆ ಮತ್ತು ಬೇವಿನ ಬೀಜಗಳು ಮುಂಗಾರಿನ ಮೊದಲ ತಿಂಗಳುಗಳಲ್ಲಿ ದೊರೆಯುತ್ತವೆ. ಒಂದು ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿಯುತ್ತದೆ. ಆಯುವವರಿಗೆ ಹೆಚ್ಚು ತಿಂಗಳು ಕೆಲಸವೂ ಇರುತ್ತದೆ.

ಬೀಜವು ಇಂಧನವಾಗುವ ಬಗೆಯನ್ನು ತಿಳಿಯಬೇಕು. ಒಣಗಿದ ಹೊಂಗೆಯ ಕಾಯಿಯನ್ನು ಬಡಿದು ಸಿಪ್ಪೆ ತೆಗೆದರೆ ಒಳಗೆ ಒಂದು, ಕೆಲವೊಮ್ಮೆ ಎರಡು ಬೀಜಗಳಿರುತ್ತವೆ. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ. ಆದರೆ ಗಾಣಕ್ಕೆ ಅದೆಲ್ಲವೂ ಸಿಕ್ಕದು; ಸುಮಾರು ನಾಲ್ಕು ಕಿಲೋಗ್ರಾಂ ಬೀಜಕ್ಕೆ ಒಂದು ಲೀಟರು ಎಣ್ಣೆ ದೊರೆಯುತ್ತದೆ. ಈ ಎಣ್ಣೆ ಡೀಸೆಲ್ಲಿಗಿಂತ ಬಹಳ ಮಂದವಾದುದು. ಅದನ್ನು ಹಾಗೆಯೇ ಬಹುಕಾಲ ಬಳಸಿದರೆ ಎಂಜಿನ್ನಿನಲ್ಲಿ ಮಸಿ ಕಟ್ಟಿ, ಎಣ್ಣೆ ಸಿಂಪಡಿಸುವ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದುದರಿಂದ ಅದಕ್ಕೆ ಮೆಥನಾಲ್ ಎಂಬ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಬೆರೆಸಿ, ಹದವಾಗಿ ಬಿಸಿಮಾಡಿ ಕದಡುತ್ತಾರೆ. ಎಣ್ಣೆಯ ದೊಡ್ಡ ಅಣುಗಳು ಒಡೆದು ಚಿಕ್ಕವಾಗುತ್ತವೆ. ನಿಲ್ಲಲು ಬಿಟ್ಟಾಗ ಭಾರವಾದ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಮೇಲೆ ತಿಳಿಯಾಗಿ ನಿಂತ ದ್ರವವನ್ನು ನೀರಿನಿಂದ ತೊಳೆದು ತೇವವನ್ನು ಆರಿಸಿದರೆ ಅದೇ ಜೈವಿಕ ಡೀಸೆಲ್. ಗ್ಲಿಸರಿನ್ ಸಾಬೂನಿನ ತಯಾರಿಕೆಗೆ ಬರುತ್ತದೆ. ಮೆಥನಾಲ್ ವಿಷವಾದುದರಿಂದ ತಿಳಿದವರ ಮೇಲ್ವಿಚಾರಣೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಕೂಡದು.

ಎಣ್ಣೆ ತೆಗೆದು ಉಳಿದ ಹಿಂಡಿಯೂ ವ್ಯರ್ಥವಲ್ಲ. ಅದರಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು ಸಾರಜನಕವಿದೆ. ಹೊಲಕ್ಕೆ ಹಾಕಿದರೆ ಗೊಬ್ಬರವಾಗಿ, ರಸಗೊಬ್ಬರದ ಖರ್ಚನ್ನು ತಗ್ಗಿಸುತ್ತದೆ. ಹೊಂಗೆಯು ದ್ವಿದಳ ಜಾತಿಯ ಮರವಾದುದರಿಂದ ಅದರ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆ. ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಹೊಂಗೆಯ ಸೊಪ್ಪನ್ನು ತುಳಿಸುವುದು ಹಿಂದಿನಿಂದ ಬಂದ ರೂಢಿ. ಜೇನಿಗೆ ಹೂವು, ದನಕ್ಕೂ ಮನುಷ್ಯರಿಗೂ ನೆರಳು, ಬದುವಿನ ಮಣ್ಣಿಗೆ ಬೇರಿನ ಹಿಡಿತ, ಇವೂ ಮರದ ಆದಾಯಗಳೇ. ಪೆಟ್ರೋಲು ಬಂಕಿನ ರಸೀತಿಯಲ್ಲಿ ಇಂಥ ಆದಾಯಗಳು ಕಾಣುವುದಿಲ್ಲ.

ಇನ್ನು ಲೆಕ್ಕ. ಬಲಿತ ಹೊಂಗೆಯ ಮರವು ಕೊಡುವ ಬೀಜ ನೆಲ, ಮಳೆ, ವಯಸ್ಸುಗಳನ್ನು ಅನುಸರಿಸಿ ಹೆಚ್ಚು ಕಡಿಮೆಯಾಗುತ್ತದೆ. ಒಂದು ಮರಕ್ಕೆ 20 ಕಿಲೋಗ್ರಾಂ ಎಂದು ಹಿಡಿಯೋಣ. ಒಬ್ಬ ರೈತನ ಬದುವಿನಲ್ಲಿ ಹತ್ತು ಮರಗಳಿದ್ದರೆ ವರ್ಷಕ್ಕೆ 200 ಕಿಲೋಗ್ರಾಂ ಬೀಜ, ಅಂದರೆ ಸುಮಾರು 50 ಲೀಟರು ಎಣ್ಣೆ. ಗಂಟೆಗೆ ಒಂದೂವರೆ ಲೀಟರು ಬೇಡುವ ಪವರ್ ಟಿಲ್ಲರನ್ನು ಇದರಿಂದ ಮೂವತ್ತು ಗಂಟೆಗಳ ಕಾಲ ನಡೆಸಬಹುದು. ಸಣ್ಣ ಹಿಡುವಳಿಯ ಉಳುಮೆಗೆ ಇದು ಕಡಿಮೆಯ ಸಹಾಯವಲ್ಲ. ಮೇಲಾಗಿ ನೂರು ಕಿಲೋಗ್ರಾಮಿಗೂ ಮಿಕ್ಕಿದ ಹಿಂಡಿ ದೊರೆಯುತ್ತದೆ.

ಆದರೆ ಈ ಲೆಕ್ಕವನ್ನು ಹಿಗ್ಗಿಸಿ ನೋಡುವಾಗ ಎಚ್ಚರ ಬೇಕು. ಭಾರತವು ವರ್ಷಕ್ಕೆ ಎಂಟು ಕೋಟಿ ಟನ್ನಿಗೂ ಹೆಚ್ಚು ಡೀಸೆಲ್ಲನ್ನು ಉರಿಸುತ್ತದೆ. ದೇಶದ ಬದುಗಳಲ್ಲೆಲ್ಲ ಹೊಂಗೆ ನೆಟ್ಟರೂ ಹೆದ್ದಾರಿಯ ಲಾರಿಗಳ ಹಸಿವು ತೀರದು. ಬೀಜದ ಎಣ್ಣೆಯು ಪೆಟ್ರೋಲಿಯಮ್ಮಿನ ಸ್ಥಾನವನ್ನು ಪೂರ್ತಿಯಾಗಿ ತುಂಬುವುದೆಂದು ಹೇಳುವುದು ಸುಳ್ಳು ಭರವಸೆ. ಹಳ್ಳಿಯ ಬೇಸಾಯಕ್ಕೆ ಬೇಕಾದ ಇಂಧನದ ಒಂದು ಪಾಲನ್ನು ಹಳ್ಳಿಯೇ ಬೆಳೆಯಬಲ್ಲದು ಎನ್ನುವುದು ಮಾತ್ರ ಸತ್ಯ. ಎರಡನೆಯ ಮಾತು ಚಿಕ್ಕದಾಗಿ ಕಂಡರೂ ನಡೆಸಲು ಸಾಧ್ಯವಾದುದು.

ಸುಳ್ಳು ಭರವಸೆಯ ಪರಿಣಾಮವನ್ನು ದೇಶವು ಕಂಡಿದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಪಾಳುಭೂಮಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಡುಹರಳನ್ನು ಬೆಳೆದು ಡೀಸೆಲ್ಲಿಗೆ ಬೆರೆಸಬೇಕೆಂದು ಸಲಹೆ ಮಾಡಿತು. ನೀರು ಗೊಬ್ಬರಗಳಿಲ್ಲದ ಬರಡು ನೆಲದಲ್ಲಿಯೂ ಅದು ಹೇರಳವಾಗಿ ಫಲ ಕೊಡುವುದೆಂಬ ನಂಬಿಕೆ ಹಬ್ಬಿತು. ಗಿಡವೇನೋ ಬದುಕಿತು, ಆದರೆ ಎಣಿಸಿದಷ್ಟು ಬೀಜ ಬರಲಿಲ್ಲ. ನೆಚ್ಚಿ ನೆಟ್ಟ ಅನೇಕರು ನಿರಾಶರಾಗಿ ಕಿತ್ತೆಸೆದರು. ಒಂದೇ ಗಿಡವನ್ನು ನೆಚ್ಚಬಾರದೆಂಬ ಮಡೆನೂರಿನ ನಿಯಮದ ಬೆಲೆ ಇದರಿಂದ ತಿಳಿಯುತ್ತದೆ.

ಮರಗಳ ಎಣ್ಣೆಗೆ ಇನ್ನೂ ಆಳವಾದ ತೊಡಕೊಂದಿದೆ. ಅದು ಕಾಲದ ತೊಡಕು. 2008ರ ಜುಲೈಯಲ್ಲಿ 147 ಡಾಲರು ಇದ್ದ ಕಚ್ಚಾತೈಲದ ಬೆಲೆ ಅದೇ ವರ್ಷದ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗಿಳಿದಿತ್ತು. 2014ರ ನಡುವಿನಲ್ಲಿ ನೂರು ಡಾಲರಿಗೂ ಮೇಲಿದ್ದ ಬೆಲೆ 2016ರ ಆರಂಭದಲ್ಲಿ 30 ಡಾಲರಿಗಿಂತ ಕಡಿಮೆಯಾಯಿತು. ಮಾರುಕಟ್ಟೆಯು ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ. ಮರವು ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಹೊಂಗೆಯ ಸಸಿ ಕಾಯಿಬಿಡಲು ಐದಾರು ವರ್ಷಗಳಾದರೂ ಬೇಕು. ತುಂಬು ಫಸಲಿಗೆ ಇನ್ನೂ ಕಾಯಬೇಕು. ಎಣ್ಣೆ ದುಬಾರಿಯಾದ ವರ್ಷ ಉತ್ಸಾಹದಿಂದ ನೆಟ್ಟ ಸಸಿ ಫಲಕ್ಕೆ ಬರುವ ಹೊತ್ತಿಗೆ ಎಣ್ಣೆ ಅಗ್ಗವಾಗಿರಬಹುದು. ಆಗ ಬೀಜವನ್ನು ಕೇಳುವವರಿಲ್ಲ. ಸಂಘದ ಸಭೆಗೆ ಬರುವವರಿಲ್ಲ. ಗಾಣ ತುಕ್ಕು ಹಿಡಿಯುತ್ತದೆ. ಪುನಃ ಬೆಲೆ ಏರಿದಾಗ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂಬ ಗಾದೆ ಇಂಥ ನಡವಳಿಕೆಗೆ ಒಪ್ಪುತ್ತದೆ.

ಬೀಜ ಆಯುವವರ ಕಷ್ಟವನ್ನೂ ಮರೆಯಬಾರದು. ಬಿಸಿಲಿನಲ್ಲಿ ಬಾಗಿ ಕಾಯಿ ಆಯುವವರು ಬಹುಮಟ್ಟಿಗೆ ಹೆಂಗಸರು ಮತ್ತು ವಯಸ್ಸಾದವರು. ದಿನವೆಲ್ಲ ಆಯ್ದು ಬಡಿದು ಕೇರಿದ ಬೀಜಕ್ಕೆ ಕೂಲಿಯಷ್ಟಾದರೂ ಬೆಲೆ ದೊರೆಯದಿದ್ದರೆ ಯಾರೂ ಮರುವರ್ಷ ಮರದ ಬುಡಕ್ಕೆ ಹೋಗರು. ಆದುದರಿಂದ ಸಸಿ ಹಂಚಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಊರಿಗೆ ಹತ್ತಿರದಲ್ಲಿ ಗಾಣವಿರಬೇಕು, ಬೀಜಕ್ಕೆ ಮೊದಲೇ ಗೊತ್ತುಮಾಡಿದ ಬೆಲೆಯಿರಬೇಕು, ತೂಕದಲ್ಲಿ ಮೋಸವಿರಬಾರದು. ಹಾಲಿನ ಸಹಕಾರ ಸಂಘವು ಹಳ್ಳಿ ಹಳ್ಳಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದುಕೊಂಡು ಹಣ ಕೊಡುವ ಪದ್ಧತಿಯನ್ನು ಹಾಸನದ ರೈತರು ಚೆನ್ನಾಗಿ ಬಲ್ಲರು. ಬೀಜಕ್ಕೂ ಅಂಥ ವ್ಯವಸ್ಥೆ ಬೇರೂರಿದಲ್ಲಿ ಮಾತ್ರ ಬದುವಿನ ಎಣ್ಣೆ ಮನೆಯ ಆದಾಯವಾಗುತ್ತದೆ.

ಬದಲಿ ಶಕ್ತಿಯ ಮೂಲಗಳು ಮರದ ಬೀಜಕ್ಕೇ ಮುಗಿಯುವುದಿಲ್ಲ. ನಾಲ್ಕೈದು ದನಗಳಿರುವ ಮನೆಯ ಸಗಣಿಯಿಂದ ಎರಡು ಘನಮೀಟರಿನ ಗೋಬರ್ ಅನಿಲ ಸ್ಥಾವರ ನಡೆದು, ಒಂದು ಸಂಸಾರದ ಅಡಿಗೆಯ ಉರುವಲನ್ನು ಒದಗಿಸಬಲ್ಲದು. ಹೊರಬಂದ ಬಗ್ಗಡವು ತಿಪ್ಪೆಯ ಗೊಬ್ಬರಕ್ಕಿಂತ ಉತ್ತಮವಾದುದು. ತೆಂಗಿನ ಸೀಮೆಯಲ್ಲಿ ಮಟ್ಟೆ, ಕರಟ, ಸೋಗೆಗಳೇ ಬಚ್ಚಲೊಲೆಯ ಇಂಧನ. ಸೂರ್ಯನ ಶಕ್ತಿಯಂತೂ ಈ ನಾಡಿಗೆ ಧಾರಾಳವಾಗಿ ದೊರೆತಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಭೂಮಿಯನ್ನು ಗುತ್ತಿಗೆಗೆ ಪಡೆದು ಕಟ್ಟಿದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಕಬ್ಬು ಮತ್ತು ಧಾನ್ಯಗಳಿಂದ ತಯಾರಿಸಿದ ಎಥನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣವು 2025ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಆದರೆ ಕಬ್ಬಿಗೆ ನೀರು ಹೆಚ್ಚು ಬೇಕು. ಧಾನ್ಯವು ಜನರ ಆಹಾರ. ಅನ್ನಕ್ಕೂ ಇಂಧನಕ್ಕೂ ಪೈಪೋಟಿ ಹುಟ್ಟಬಾರದೆಂಬ ನಿಯಮವನ್ನು ಇಲ್ಲಿಯೂ ನೆನೆಯಬೇಕು.

ಇವೆಲ್ಲಕ್ಕಿಂತ ಮೊದಲು ನಿಲ್ಲುವ ಮೂಲವೊಂದಿದೆ. ಅದೇ ಮಿತವ್ಯಯ. ಉಳಿಸಿದ ಒಂದು ಲೀಟರು ಎಣ್ಣೆಯನ್ನು ಯಾವ ಹಡಗೂ ಹೊತ್ತು ತರಬೇಕಿಲ್ಲ. ಸರಿಯಾಗಿ ಸುಸ್ಥಿತಿಯಲ್ಲಿಟ್ಟ ಎಂಜಿನ್, ಗಾಳಿ ಸರಿಯಾಗಿರುವ ಚಕ್ರ, ಹಗಲಿನಲ್ಲಿ ಆರಿಸಿದ ದೀಪ, ಹತ್ತಿರದ ಕೆಲಸಕ್ಕೆ ಕಾಲ್ನಡಿಗೆ, ಸೌದೆ ಉಳಿಸುವ ಒಲೆ ಇವು ದೊಡ್ಡ ಸಂಶೋಧನೆಗಳಲ್ಲ. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ.

ತೈಲದ ಬೆಲೆ ಮುಂದೆಯೂ ಏರುವುದು, ಇಳಿಯುವುದು. ಅದನ್ನು ತಡೆಯುವ ಶಕ್ತಿ ಅರಕಲಗೂಡಿನ ಸಣ್ಣ ರೈತನಿಗಾಗಲಿ ಚನ್ನರಾಯಪಟ್ಟಣದ ತೆಂಗಿನ ಬೆಳೆಗಾರನಿಗಾಗಲಿ ಇಲ್ಲ. ಆದರೆ ಬದುವಿನಲ್ಲಿ ಒಂದು ಸಸಿ ನೆಡುವ ಶಕ್ತಿ ಇಬ್ಬರಿಗೂ ಇದೆ. ಆ ಸಸಿಯನ್ನು ಬೆಲೆ ಏರಿದ ವರ್ಷದಲ್ಲಿ ನೆಡುವುದು ಸುಲಭ. ಬೆಲೆ ಇಳಿದ ವರ್ಷದಲ್ಲಿಯೂ ಅದಕ್ಕೆ ನೀರೆರೆಯುವುದು ಕಷ್ಟ. ನೆಲದಡಿಯ ಹೊಳೆ ಎಂದಾದರೊಂದು ದಿನ ಬತ್ತುವುದು ನಿಶ್ಚಯ. ಅಂದು ನೆರಳಿಗೂ ಬೆಳಕಿಗೂ ಒದಗುವ ಮರಗಳು, ಎಣ್ಣೆ ಅಗ್ಗವಾಗಿದ್ದ ದಿನಗಳಲ್ಲಿ ಯಾರೋ ಮರೆಯದೆ ನೀರೆರೆದು ಉಳಿಸಿದ ಮರಗಳೇ ಆಗಿರುತ್ತವೆ.

ಪದಗಳ ಅರ್ಥ

ಬದು – ಹೊಲದ ಅಂಚಿನಲ್ಲಿ ಎತ್ತರಿಸಿದ ಮಣ್ಣಿನ ದಿಣ್ಣೆ. ಗಾಣ – ಬೀಜವನ್ನು ಅರೆದು ಎಣ್ಣೆ ತೆಗೆಯುವ ಸಾಧನ. ಹಿಂಡಿ – ಎಣ್ಣೆ ತೆಗೆದ ಮೇಲೆ ಉಳಿಯುವ ಬೀಜದ ಭಾಗ. ಪೀಪಾಯಿ – ದ್ರವವನ್ನು ಅಳೆಯುವ ದೊಡ್ಡ ಪಾತ್ರೆ. ಪರಾವಲಂಬನೆ – ಇತರರನ್ನು ಆಶ್ರಯಿಸುವಿಕೆ. ಬಗ್ಗಡ – ಗಸಿಯಿಂದ ಕೂಡಿದ ದ್ರವ. ಮಿತವ್ಯಯ – ಹಿತಮಿತವಾದ ವೆಚ್ಚ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಸೀಮೆಎಣ್ಣೆಗೆ ಆ ಹೆಸರು ಬರಲು ಕಾರಣವೇನು?
2. ಜೈವಿಕ ಇಂಧನ ಉದ್ಯಾನವು ಎಲ್ಲಿ, ಯಾವಾಗ ಆರಂಭವಾಯಿತು?
3. ಒಂದು ಲೀಟರು ಹೊಂಗೆ ಎಣ್ಣೆಗೆ ಸುಮಾರು ಎಷ್ಟು ಬೀಜ ಬೇಕು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಡೀಸೆಲ್ ಬೆಲೆಯೇರಿಕೆಯು ವಾಹನವಿಲ್ಲದವರಿಗೂ ತಟ್ಟುವುದು ಹೇಗೆ?
2. ಮಡೆನೂರಿನ ಯೋಜನೆಯ ಎರಡು ನಿಯಮಗಳು ಯಾವುವು?
3. ಹೊಂಗೆ ಎಣ್ಣೆಯನ್ನು ಜೈವಿಕ ಡೀಸೆಲ್ ಆಗಿ ಮಾರ್ಪಡಿಸುವ ಬಗೆಯನ್ನು ವಿವರಿಸಿ.

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
1. "ಮಾರುಕಟ್ಟೆಯು ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ, ಮರವು ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ." ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.

ಈ. ಬಿಡಿಸಿ ಬರೆದು ಸಂಧಿಯ ಹೆಸರನ್ನು ತಿಳಿಸಿ.
ಕಡಲಾಚೆ, ಮರವನ್ನು, ಪರಾವಲಂಬನೆ.

ಉ. ಮಾಡಿ ನೋಡಿ.
ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿರುವ ಹೊಂಗೆ, ಬೇವು, ಹಿಪ್ಪೆ ಮರಗಳನ್ನು ಎಣಿಸಿ ಪಟ್ಟಿಮಾಡಿ. ಅವುಗಳ ಬೀಜವನ್ನು ಯಾರಾದರೂ ಆಯುವರೇ ಎಂಬುದನ್ನು ಊರಿನ ಹಿರಿಯರಿಂದ ಕೇಳಿ ತಿಳಿದು ಒಂದು ಪುಟ ಬರೆಯಿರಿ.